ಬಂಜೆ ಎಂದವರು ಉತ್ತರ ಕೊಡಲಿ

ಮದುವೆಯಾಗಿ ಮೂರು ವರ್ಷ ಕಳೆದರೂ ಮಡಿಲು ತುಂಬದಿದ್ದರೆ ನಮ್ಮ ಪುತ್ತೂರು ಸೀಮೆಯಲ್ಲಿ ಹೆಣ್ಣಿಗೆ ಎರಡು ದಾರಿ ತೋರಿಸುತ್ತಾರೆ: ಒಂದು ಕುಕ್ಕೆಯ ಹರಕೆ, ಇನ್ನೊಂದು ತವರುಮನೆ. ಹರಕೆ ಹೊತ್ತವರನ್ನು ನಾವು ಹಳಿಯುವುದಿಲ್ಲ. ಆದರೆ ಸರ್ಪಸಂಸ್ಕಾರಕ್ಕೆ ಸಾಲ ಎತ್ತುವ ಮನೆಯವರು ಆಸ್ಪತ್ರೆಗೆ ಹೋಗಲು ಬಸ್ಸಿನ ಹಣವಿಲ್ಲ ಎಂದರೆ ಸುಮ್ಮನಿರಲಾರೆವು.

ಮುಚ್ಚುಮರೆಯಿಲ್ಲದೆ ಹೇಳೋಣ. ಗರ್ಭಕೋಶದ ಇಕ್ಕೆಲಗಳಲ್ಲಿ ಅಂಡನಾಳಗಳಿವೆ. ಅಂಡವೂ ವೀರ್ಯಾಣುವೂ ಕೂಡುವುದು ಅಲ್ಲಿಯೇ. ಗೊನೋರಿಯಾ, ಕ್ಲಮಿಡಿಯಾ ಎಂಬ ಸೋಂಕುಗಳು, ಹೆರಿಗೆ ಅಥವಾ ಗರ್ಭಪಾತದ ನಂತರ ತಗಲುವ ನಂಜು, ನಮ್ಮ ದೇಶದಲ್ಲಿ ಕ್ಷಯವೂ ಈ ನಾಳಗಳನ್ನು ಹಿಡಿಯುತ್ತವೆ. ನಾಳ ಬಾತು, ಗಾಯ ಮಾಯುವಾಗ ಒಳಗೇ ಅಂಟಿಕೊಂಡು ದಾರಿ ಕಟ್ಟುತ್ತದೆ. ಅರ್ಧ ಕಟ್ಟಿದರೆ ಬಸಿರು ನಾಳದಲ್ಲೇ ನಿಂತು ಜೀವಕ್ಕೆ ಸಂಚಕಾರ ಬರಬಹುದು. ಸ್ವೀಡನ್ನಿನ ಲುಂಡ್ ನಗರದ ವೈದ್ಯರು ಎರಡು ಸಾವಿರಕ್ಕೂ ಮಿಕ್ಕಿದ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ 1992ರಲ್ಲಿ ಲೆಕ್ಕ ಕೊಟ್ಟರು. ಈ ರೋಗ ಒಮ್ಮೆ ಬಂದವರಲ್ಲಿ ನೂರಕ್ಕೆ 8, ಎರಡು ಸಲ ಬಂದವರಲ್ಲಿ ಸುಮಾರು 20, ಮೂರು ಅಥವಾ ಹೆಚ್ಚು ಸಲ ಬಂದವರಲ್ಲಿ 40 ಮಂದಿಗೆ ನಾಳ ಕೆಟ್ಟು ಮಕ್ಕಳಾಗಲಿಲ್ಲ. ತಡಮಾಡಿದಷ್ಟೂ ನಷ್ಟ ಹೆಚ್ಚು. ಒಮ್ಮೆ ಕಟ್ಟಿದ ನಾಳವನ್ನು ಮಾತ್ರೆ ಬಿಡಿಸಲಾರದು.

ಹಾಗಾದರೆ ತಡ ಏಕೆ? ಬೀಡಿ ಕಟ್ಟುವವಳು ಒಂದು ದಿನ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಆ ದಿನದ ಮಜೂರಿ ಹೋಯಿತು. ಗೇರುಬೀಜ ಕಾರ್ಖಾನೆಯವಳು ಕಿಬ್ಬೊಟ್ಟೆ ನೋವು, ಬಿಳಿಸೆರಗು ಎಂದು ಗಂಡಸು ಮೇಸ್ತ್ರಿಯ ಮುಂದೆ ಹೇಳಿ ರಜೆ ಕೇಳಲಾರಳು. ಎಷ್ಟೋ ಸಲ ರೋಗ ಸೂಚನೆಯನ್ನೇ ಕೊಡುವುದಿಲ್ಲ. ಗಂಡನಿಂದ ಬಂದ ಸೋಂಕಿಗೆ ಹೆಂಡತಿ ಒಬ್ಬಳೇ ಮದ್ದು ತಿಂದರೆ ರೋಗ ಮತ್ತೆ ಬರುತ್ತದೆ. ಆದರೂ ಪರೀಕ್ಷೆಗೆ ಹೋಗದ ಗಂಡನಿಗೆ ಅಪವಾದವಿಲ್ಲ. ಬಂಜೆಯ ಪಟ್ಟ ಅವಳಿಗೇ!

ಸಂಕಟವನ್ನು ಹಣ ಮಾಡಿಕೊಳ್ಳುವವರೂ ಇದ್ದಾರೆ. ಕಲಬುರಗಿಯ ತಾಂಡಾಗಳ ಬಡ ಹೆಂಗಸರು ಇದೇ ಹೊಟ್ಟೆನೋವು, ಬಿಳಿಸೆರಗಿಗೆ ಖಾಸಗಿ ಆಸ್ಪತ್ರೆಗೆ ಹೋದರೆ ಗರ್ಭಕೋಶವನ್ನೇ ತೆಗೆದುಹಾಕಿದರೆಂದು 2015ರಲ್ಲಿ ರಾಜ್ಯವೆಲ್ಲ ಗುಲ್ಲೆದ್ದಿತು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿ ಜಾರಿಗೆ ತನ್ನಿರೆಂದು 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು. ಹೊತ್ತಿಗೆ ಸರಿಯಾಗಿ ಹಿಡಿದರೆ ಸಾಮಾನ್ಯವಾಗಿ ಹದಿನಾಲ್ಕು ದಿನದ ಮದ್ದು ಸಾಕಾಗುವ ರೋಗಕ್ಕೆ ಕತ್ತಿ!

ಸರಕಾರಿ ಸುರಕ್ಷಾ ಕ್ಲಿನಿಕ್ಕುಗಳಲ್ಲಿ ಈ ಮದ್ದು ಪುಕ್ಕಟೆ. ಇ.ಎಸ್.ಐ. ಇರುವ ಕಾರ್ಖಾನೆಯಲ್ಲಿ ನೂರು ರೂಪಾಯಿ ಕೂಲಿಗೆ 75 ಪೈಸೆ ನಾವೇ ಕಟ್ಟುತ್ತೇವೆ. ಆದ್ದರಿಂದ ಚಿಕಿತ್ಸೆ ನಮಗೆ ಭಿಕ್ಷೆಯಲ್ಲ, ಹಕ್ಕು.

ನಮ್ಮ ಬೇಡಿಕೆ ಇಷ್ಟು: ಪುತ್ತೂರು, ಸುಳ್ಯ, ಕಡಬಗಳಲ್ಲಿ ವಾರಕ್ಕೊಂದು ಸಂಜೆ, ಕೆಲಸ ಬಿಟ್ಟ ಮೇಲೆ, ಲೇಡಿ ಡಾಕ್ಟರು ಕೂರುವ ಚಿಕಿತ್ಸಾಲಯ, ಆ ದಿನ ಗಂಡನಿಗೂ ಪರೀಕ್ಷೆ, ಗಂಡನಿಗೂ ಮದ್ದು, ಆಸ್ಪತ್ರೆಯ ಚೀಟಿ ತೋರಿಸಿದವಳಿಗೆ ಕೂಲಿ ಕಡಿಯದ ರಜೆ. ಕಾರ್ಮಿಕ ಸಂಘಗಳು ಈ ಠರಾವು ಪಾಸು ಮಾಡಲಿ. ಪೇಟೆಯ ಅಂಗಡಿಕಾರ ಬಂಧುಗಳು ಸಹಿ ಹಾಕಲಿ. ಅಲ್ಲಿಯವರೆಗೆ, ಸಂಗಾತಿಗಳೇ, ಮನೆಯಾಕೆ ಕಿಬ್ಬೊಟ್ಟೆ ಹಿಡಿದು ಕೂತರೆ "ಹೆಂಗಸರ ವಿಷಯ" ಎಂದು ಮುಖ ತಿರುಗಿಸಬೇಡಿ. ಜೊತೆಯಲ್ಲಿ ಆಸ್ಪತ್ರೆಗೆ ಹೊರಡಿ.