ಟುಸ್ ಪಟಾಕಿಗೆ ಇಂಗ್ಲಿಷ್ ಹೆಸರೇಕೆ?

ಗೆಳೆಯರೇ, ನಿಮಗೊಂದು ಸಣ್ಣ ಪ್ರಶ್ನೆ. ತಿಂಗಳುಗಟ್ಟಲೆ ಡಂಗುರ ಹೊಡೆಸಿಕೊಂಡು ಬಂದ ವಿಡಿಯೋ ಗೇಮ್ ಹತ್ತೇ ನಿಮಿಷಕ್ಕೆ ಬೇಸರ ಹುಟ್ಟಿಸಿತು ಅನ್ನಿ. ಆಗ ನಿಮ್ಮ ಬಾಯಿಂದ ಮೊದಲು ಬರುವ ಮಾತು ಯಾವುದು? ‘ಓವರ್‌ಹೈಪ್ಡ್’ ಅನ್ನುತ್ತೀರೋ, ‘ಟುಸ್ ಪಟಾಕಿ ಕಣೋ’ ಅನ್ನುತ್ತೀರೋ?

ನಗಬೇಡಿ. ಇದು ನಿಮ್ಮ ನುಡಿಯ ಪ್ರಶ್ನೆ. ನಿಮ್ಮ ಜೇಬಿನ ಪ್ರಶ್ನೆಯೂ ಹೌದು!

ನಮ್ಮ ಬೆಂಗಳೂರಿನದೇ ಉದಾಹರಣೆ ನೋಡಿ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಎರಡೇ ದಿನಕ್ಕೆ ನಟ ಅಕ್ಷಯ್ ಕುಮಾರ್ ‘ಫೌ-ಜಿ’ ಎಂಬ ಆಟವನ್ನು ಘೋಷಿಸಿದರು. ತಯಾರಿಸುತ್ತಿದ್ದದ್ದು ಬೆಂಗಳೂರಿನ ಎನ್‌ಕೋರ್ ಗೇಮ್ಸ್. ಪಬ್‌ಜಿ ಕಳೆದುಕೊಂಡ ಹುಡುಗರು ಇದೇ ಅದರ ಬದಲಿ ಎಂದು ಕಾದು ಕೂತರು. 2021ರ ಜನವರಿ 26ರಂದು ಆಟ ಬಂತು. ಒಳಗೆ ಇದ್ದದ್ದೇನು? ಗಲ್ವಾನ್ ಕಣಿವೆಯ ಒಂದು ಕಥೆ, ಕೈ ಕೈ ಮಿಲಾಯಿಸುವ ಹೊಡೆದಾಟ. ಗೆಳೆಯರ ಜೊತೆ ಸೇರಿ ಆಡುವ ಅವಕಾಶವೇ ಆಗ ಇರಲಿಲ್ಲ. ಫೆಬ್ರವರಿ ಹೊತ್ತಿಗೆ ಪ್ಲೇ ಸ್ಟೋರ್‌ನಲ್ಲಿ ಅದರ ರೇಟಿಂಗ್ 3ರ ಆಸುಪಾಸಿಗೆ ಇಳಿದಿತ್ತು. ನಮ್ಮ ಹಿರಿಯರು ಇದಕ್ಕೆ ಎಂದೋ ಹೆಸರಿಟ್ಟಿದ್ದಾರೆ: ಬೆಟ್ಟ ಅಗೆದು ಇಲಿ ಹಿಡಿದರು!

ಇದು ನಮ್ಮ ದೇಶದ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ಪೋಲೆಂಡಿನ ‘ಸೈಬರ್‌ಪಂಕ್ 2077’ ಆಟ 2020ರ ಡಿಸೆಂಬರ್ 10ರಂದು ಬಂದು ಎಷ್ಟು ಮುಗ್ಗರಿಸಿತೆಂದರೆ, ಸೋನಿ ಕಂಪನಿ ಒಂದೇ ವಾರದಲ್ಲಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದು ಹಣ ವಾಪಸ್ ಕೊಡಬೇಕಾಯಿತು. ‘ಡ್ಯೂಕ್ ನ್ಯೂಕೆಮ್ ಫಾರೆವರ್’ ಘೋಷಣೆಯಾದದ್ದು 1997ರಲ್ಲಿ, ಬಂದದ್ದು 2011ರಲ್ಲಿ! ಹೀಗೆ ಹೆಸರು ಮಾತ್ರ ಕೇಳಿಸಿ ಕೈಗೆ ಸಿಗದ ಸರಕಿಗೆ ಇಂಗ್ಲಿಷಿನವರು ‘ವೇಪರ್‌ವೇರ್’ ಅಂದರು. ಅಂದರೆ ಬರೀ ಹಬೆ. 2016ರಲ್ಲಿ ಬಯ್ಗುಳ ತಿಂದು, ಆಮೇಲೆ ವರ್ಷಗಟ್ಟಲೆ ತಿದ್ದಿಕೊಂಡು ಮರ್ಯಾದೆ ಉಳಿಸಿಕೊಂಡ ಆಟ ‘ನೋ ಮ್ಯಾನ್ಸ್ ಸ್ಕೈ’. ಈಗ ಬಿದ್ದು ಎದ್ದ ಆಟಕ್ಕೆಲ್ಲ ಅದರ ಹೆಸರೇ ಗಾದೆ. ಮೋಸ ಹೋದವರು ಸಿಟ್ಟಿನಲ್ಲಿ ಆಡುವ ಮಾತುಗಳಿವು.

ಆದರೆ ಇಂಗ್ಲಿಷಿನಲ್ಲಿ ಇನ್ನೊಂದು ಜಾತಿಯ ಮಾತುಗಳೂ ಇವೆ. ‘ಪ್ರೀ-ಆರ್ಡರ್’, ‘ಅರ್ಲಿ ಆಕ್ಸೆಸ್’, ‘ಡೇ ಒನ್ ಪ್ಯಾಚ್’. ಇವು ಮಾರುವವನ ಮಾತುಗಳು. ಅರ್ಧ ಬೆಂದ ಅನ್ನಕ್ಕೆ ಹಾಕಿದ ಬೆಳ್ಳಿ ಮುಚ್ಚಳ! ನಾವು ಅವನ್ನೇ ಗಿಳಿಪಾಠ ಒಪ್ಪಿಸಿದರೆ ಮೋಸವೂ ಸೌಲಭ್ಯದ ಹಾಗೆ ಕೇಳಿಸುತ್ತದೆ. ಕೊಳ್ಳುವವನಿಗೆ ತನ್ನದೇ ಮಾತು ಬೇಕು. ಮೋಸಕ್ಕೆ ಹೆಸರಿಡುವ ಹಕ್ಕನ್ನು ಮಾರುವವನಿಗೆ ಬಿಟ್ಟುಕೊಟ್ಟವನು ದುಡ್ಡನ್ನೂ ಬಿಟ್ಟುಕೊಡುತ್ತಾನೆ.

ಕನ್ನಡದಲ್ಲಿ ಅಂಥ ಮಾತಿಗೆ ಬರವೇ? ಜಮಖಂಡಿ ತಾಲ್ಲೂಕಿನ ತುಬಚಿ ಕಡೆಯಿಂದ ಓದಲೋ ದುಡಿಯಲೋ ಬಂದ ಗೆಳೆಯ ನಿಮ್ಮ ರೂಮಿನಲ್ಲಿದ್ದರೆ ಕೇಳಿ ನೋಡಿ. ಜಮಖಂಡಿ–ಮುಧೋಳದ್ದು ಕುಸ್ತಿಯ ಸೀಮೆ. ಅಲ್ಲಿ ತೊಡೆ ತಟ್ಟಿಕೊಂಡು ಬಂದ ಪೈಲ್ವಾನ ಎರಡೇ ನಿಮಿಷಕ್ಕೆ ಮಣ್ಣು ಮುಕ್ಕಿದರೆ ಯಾರೂ ‘ತಾಂತ್ರಿಕ ತೊಂದರೆ’ ಅನ್ನುವುದಿಲ್ಲ. ‘ಬರೇ ಹವಾ ಇತ್ತ, ಚಿತ್ ಆದ’ ಅನ್ನುತ್ತಾರೆ. ಮುಗಿಯಿತು, ತೀರ್ಪು ಬಂತು!

ಗಮನಿಸಿ: ತೊಡೆ ತಟ್ಟು, ಮಣ್ಣು ಮುಕ್ಕಿಸು, ಚಿತ್, ಮಾತಿನ ಮಲ್ಲ. ಎಲ್ಲವೂ ಕುಸ್ತಿಯಿಂದ ಬಂದವು. ‘ದಾಳ ಉರುಳಿಸು’ ಪಗಡೆಯಿಂದ ಬಂತು. ಕ್ರಿಕೆಟ್ ಬಂದ ಮೇಲೆ ನಮ್ಮ ಹುಡುಗ ಹುಡುಗಿಯನ್ನು ನೋಡಿ ‘ಕ್ಲೀನ್ ಬೌಲ್ಡ್’ ಆದ. ಕಾಲಕಾಲದ ಆಟಗಳೆಲ್ಲ ಕನ್ನಡಕ್ಕೆ ಕಪ್ಪ ಕೊಟ್ಟಿವೆ. ಮೊಬೈಲ್ ಆಟ ಮಾತ್ರ ಯಾಕೆ ಕೊಡಬಾರದು?

ಇಲ್ಲಿ ನಮ್ಮ ಹಿರಿಯರಿಗೂ ಒಂದು ಮಾತು. ಹುಡುಗರ ‘ಬಿಲ್ಡಪ್’, ‘ಹವಾ’, ‘ಟುಸ್’ ಕೇಳಿ ಮೂಗು ಮುರಿಯಬೇಡಿ. ‘ಹವಾ’ ಹೊರಗಿನಿಂದ ಬಂದ ಪದ, ಇವತ್ತು ಅದು ತುಬಚಿಯ ಪದ. ನಿಘಂಟಿನೊಳಗೆ ಮಡಿಯಾಗಿ ಕೂತ ಭಾಷೆ ಬೀದಿಯಲ್ಲಿ ಸತ್ತಿರುತ್ತದೆ. ಬೋರ್ಡಿನ ಮೇಲೆ ಕನ್ನಡ ಬೇಕು, ನಿಜ. ಸಿಟ್ಟು ಬಂದಾಗ ಬಾಯಲ್ಲೂ ಬೇಕಲ್ಲವೇ?

ಗೆಳೆಯರೇ, ಕೆಲಸ ನಿಮ್ಮದು. ಟ್ರೈಲರ್ ನೋಡಿಯೇ ದುಡ್ಡು ಕಟ್ಟಿದ ಸ್ನೇಹಿತನಿಗೆ ‘ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿಸಿದೆಯಾ?’ ಅನ್ನಿ. ಅಂಥ ಆಟಕ್ಕೆ ‘ಕುಲಾವಿ ಗೇಮ್’ ಅಂತಲೇ ಹೆಸರಿಡಿ. ಅರೆಬೆಂದದ್ದನ್ನು ಅರೆಬೆಂದದ್ದು ಅನ್ನಿ. ಇದಕ್ಕಿಂತ ಖಾರದ ಮಾತು ನಿಮ್ಮ ಗುಂಪಿನಲ್ಲೇ ಹುಟ್ಟಬಹುದು, ಹುಟ್ಟಲಿ. ಅದನ್ನು ಗುಂಪಿನೊಳಗೇ ಬಚ್ಚಿಡಬೇಡಿ. ಮುಂದಿನ ಸಲ ಆಟ ಕೈಕೊಟ್ಟಾಗ ಪ್ಲೇ ಸ್ಟೋರ್‌ನ ವಿಮರ್ಶೆಯ ಜಾಗದಲ್ಲಿ ಕನ್ನಡದಲ್ಲೇ, ಕನ್ನಡ ಲಿಪಿಯಲ್ಲೇ ಬರೆಯಿರಿ. ಇಂಗ್ಲಿಷ್ ಬಾರದ ತಮ್ಮನೊಬ್ಬ ಅದನ್ನು ಓದಿ ದುಡ್ಡು ಉಳಿಸಿಕೊಂಡಾನು. ‘ಏನಿದು ಟುಸ್ ಪಟಾಕಿ?’ ಎಂದು ಕಂಪನಿಯವನು ತಲೆ ಕೆರೆದುಕೊಳ್ಳಲಿ. ಅರ್ಥ ಹುಡುಕಿಕೊಳ್ಳುವ ಕಷ್ಟ ಒಂದು ಸಲವಾದರೂ ಮಾರುವವನಿಗೆ ಇರಲಿ!