ಗೋಡೆಯ ಮೇಲೊಂದು ದರ, ಫೋನಿನಲ್ಲೊಂದು ದರ

ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಹಳೆಯ ಹೋಟೆಲೊಂದರ ಗೋಡೆಯ ದರಪಟ್ಟಿಯಲ್ಲಿ ಮಸಾಲೆ ದೋಸೆಗೆ 60 ರೂಪಾಯಿ. ಅದೇ ದೋಸೆಗೆ ಫೋನಿನಲ್ಲಿರುವ, ಊಟ ತಲುಪಿಸುವ ಆ್ಯಪ್‌ನಲ್ಲಿ 80. ಗಲ್ಲಾದಲ್ಲಿದ್ದ ಯಜಮಾನರಿಗೆ ಲೆಕ್ಕ ಬಾಯಲ್ಲೇ ಇತ್ತು: ನೂರಕ್ಕೆ 25 ಕಮಿಷನ್ ಮುರಿದುಕೊಂಡರೆ 80ರಲ್ಲಿ ಕೈಗೆ ಬರುವುದು 60. ‘ನಮ್ಮ ಹೆಸರು ಮೇಲೆ ಕಾಣಬೇಕಾದರೆ ಜಾಹೀರಾತಿಗೆ ಬೇರೆ ಕೊಡಬೇಕು ಸಾರ್. ಆಫರ್ ಹಾಕಿದರೆ ಅದರಲ್ಲೂ ನಮ್ಮ ಪಾಲು ಹೋಗುತ್ತೆ’ ಎಂದವರು, ಅದೇನು ಮಹಾ ಎನ್ನುವಂತೆ ಪಾರ್ಸೆಲ್ ಕಟ್ಟಲು ತಿರುಗಿದರು. ನಮ್ಮನ್ನು ಕಾಡುತ್ತಿರುವುದು ಆ ದರಕ್ಕಿಂತ ಈ ನಿರಾಳತೆ.

ಹೋಂಸ್ಟೇಗಳ ವಿಷಯದಲ್ಲಿ ಈ ಜಿಲ್ಲೆ ಇದನ್ನು ಒಮ್ಮೆ ಕಂಡಿದೆ. ಮೊದಲು ಅತಿಥಿಗಳು ಮನೆಗೇ ಫೋನ್ ಮಾಡಿ ಬರುತ್ತಿದ್ದರು. ಬುಕಿಂಗ್ ತಾಣಗಳು ಬಂದಾಗ ಕೋಣೆ ತುಂಬಿದ್ದೇ ಸಾಕೆಂದು ಎಲ್ಲರೂ ಹಿಗ್ಗಿದರು. ಕಳಸದ ಕಡೆಯ ನಮ್ಮ ಪರಿಚಯದ ತೋಟದ ಮನೆಯವರು ಈಗ ಕಮಿಷನ್ ಕೊಡದೆ ಕೋಣೆ ತುಂಬಿಸುವ ದಾರಿಯನ್ನೇ ಮರೆತಿದ್ದಾರೆ. ಗಿರಾಕಿಯ ನಂಬರು ಯಾರ ಬಳಿ ಇದೆಯೋ ವ್ಯಾಪಾರದ ಲಗಾಮು ಅವರದು. ಬಿಳಿ ಕಾಂಡಕೊರಕ ಹುಳು ಹತ್ತಿದ ಅರೇಬಿಕಾ ಕಾಫಿ ಗಿಡವೂ ಹೀಗೆಯೇ. ಎಲೆ ಸ್ವಲ್ಪ ಹಳದಿಯಾಗುತ್ತದೆ, ಕಾಂಡದ ಮೇಲೆ ಸಣ್ಣ ಏಣು ಏಳುತ್ತದೆ. ತೊಗಟೆ ಸವರಿ ನೋಡುವ ಅಭ್ಯಾಸವಿಲ್ಲದವನಿಗೆ, ಒಳಗೆ ಹುಳು ಕೊರೆಯುತ್ತಿದ್ದರೂ, ಗಿಡ ಚೆನ್ನಾಗಿಯೇ ಇದೆ ಎನಿಸುತ್ತದೆ.

ಊಟದ ಆ್ಯಪ್‌ಗಳ ವಿಷಯದಲ್ಲೂ ಅದೇ ಆಗುತ್ತಿದೆ. 2023ರಲ್ಲಿ ಸ್ವಿಗ್ಗಿ, ಜೊಮ್ಯಾಟೊಗಳು ಆರ್ಡರಿಗೆ 2 ರೂಪಾಯಿ ಪ್ಲಾಟ್‌ಫಾರ್ಮ್ ಶುಲ್ಕ ಶುರುಮಾಡಿದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2025 ಮುಗಿಯುವ ಮೊದಲೇ ಅದು 10 ರೂಪಾಯಿ ದಾಟಿತು. ರೆಸ್ಟೋರೆಂಟ್ ಸಂಘದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2022ರ ಏಪ್ರಿಲ್‌ನಲ್ಲಿ ಈ ಎರಡೂ ಕಂಪನಿಗಳ ವಿರುದ್ಧ ತನಿಖೆಗೆ ಆದೇಶಿಸಿತ್ತು. ಕಮಿಷನ್‌ಗೆ ಮಾತ್ರ ಇಂದಿಗೂ ಕಡಿವಾಣವಿಲ್ಲ.

ಕಡಿವಾಣ ಹಾಕಲು ಆಗದು ಎನ್ನುವವರು ಆಟೋಗಳ ಕಡೆ ನೋಡಲಿ. 2022ರ ನವೆಂಬರ್‌ನಲ್ಲಿ ರಾಜ್ಯದ ಸಾರಿಗೆ ಇಲಾಖೆ ಆ್ಯಪ್ ಆಟೋಗಳ ಸೇವಾ ಶುಲ್ಕವನ್ನು ಶೇ 5ಕ್ಕೆ ಮಿತಿಗೊಳಿಸಿತು. 2024ರ ಮೇನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಊಟ ತಲುಪಿಸುವ ಆ್ಯಪ್‌ಗಳಿಗೆ ಸ್ಯಾನ್ ಫ್ರಾನ್ಸಿಸ್ಕೊ 2020ರಲ್ಲಿ ಶೇ 15ರ ಮಿತಿ ಹಾಕಿತು, ನ್ಯೂಯಾರ್ಕ್ ನಗರವೂ ಹಾಕಿತು. ಎರಡೂ ಕಡೆ ನಗರಾಡಳಿತ ಎದ್ದಿದ್ದು ಕೋವಿಡ್‌ನಲ್ಲಿ ಹೋಟೆಲುಗಳು ಬಾಗಿಲು ಮುಚ್ಚಿ, ಆ್ಯಪ್ ಬಿಟ್ಟು ಬೇರೆ ಗತಿಯಿಲ್ಲವೆಂದಾದ ಮೇಲೆ.

‘ಅದು ಬೆಂಗಳೂರಿನ ತಲೆನೋವು, ಮೂಡಿಗೆರೆಗೆ ಬರುವಾಗ ನೋಡೋಣ’ ಎಂಬ ಮಾತು ಜಿಲ್ಲೆಯ ಆ ಪಟ್ಟಣದಲ್ಲಿ ಕೇಳಿಬರುತ್ತಿದೆ. ಬಂದ ಮೇಲೆ ನೋಡಲು ಏನೂ ಉಳಿದಿರುವುದಿಲ್ಲ.

ಕಮಿಷನ್ ನಿಗದಿ ಚಿಕ್ಕಮಗಳೂರು ನಗರಸಭೆಯ ಕೈಯಲ್ಲಿಲ್ಲ, ಅದನ್ನು ರಾಜ್ಯ ಸರ್ಕಾರವನ್ನೇ ಕೇಳಬೇಕು. ಆದರೆ ಹೋಟೆಲುಗಳಿಗೆ ಉದ್ದಿಮೆ ಪರವಾನಗಿ ಕೊಡುವುದು ನಗರಸಭೆಯೇ. ನವೀಕರಣಕ್ಕೆ ಬಂದವರಿಂದ ಆ್ಯಪ್ ಕಡಿತದ ವಿವರ ಕೇಳಿ ಪಡೆಯಲಿ. ಅದನ್ನಿಟ್ಟುಕೊಂಡು ಒಂದು ಠರಾವು ಮಾಡಿ ಬೆಂಗಳೂರಿಗೆ ಕಳಿಸಲಿ. ಮೂಡಿಗೆರೆ ಪಟ್ಟಣ ಪಂಚಾಯಿತಿಯೂ ದನಿಗೂಡಿಸಲಿ.

ಎರಡು ದರ ಬಹಳ ದಿನ ಬಾಳುವುದಿಲ್ಲ. ಆ್ಯಪ್‌ನ ವ್ಯಾಪಾರದ ಪಾಲು ಹೆಚ್ಚಿದ ದಿನ ಗೋಡೆಯ 60 ಅಳಿಸಿ 80 ಬರೆಯುತ್ತಾರೆ. ಆಗ ಆ ಕಮಿಷನ್ ತೆರುವವನು, ಫೋನನ್ನೇ ಮುಟ್ಟದೆ, ಸಂತೆ ಮುಗಿಸಿ ತೋಟಕ್ಕೆ ಮರಳುವ ಮುನ್ನ ದೋಸೆ ತಿನ್ನಲು ಕೂತ ಕೂಲಿಯಾಳು.