ಬುಗುರಿ ಆಡಲು ನೆಲ ಎಲ್ಲಿದೆ, ಸ್ವಾಮಿ?

ಬೇಸಗೆ ರಜೆ ಬಂತೆಂದರೆ ನಮ್ಮ ದಿನಪತ್ರಿಕೆಗಳ ಭಾನುವಾರದ ಪುರವಣಿಗಳಲ್ಲಿ ಒಂದು ಬಗೆಯ ಬರಹಕ್ಕೆ ಸುಗ್ಗಿ. ಲಗೋರಿ, ಬುಗುರಿ, ಚಿಣ್ಣಿದಾಂಡು, ಕುಂಟೆಬಿಲ್ಲೆ, ಮರಕೋತಿ ಎಂದು ಹೆಸರುಗಳನ್ನು ಸಾಲಾಗಿ ಪೋಣಿಸುವುದು, ಒಂದು ನಿಟ್ಟುಸಿರು ಬಿಡುವುದು, ಈಗಿನ ಮಕ್ಕಳಿಗೆ ಆ ಭಾಗ್ಯವಿಲ್ಲ, ಮೊಬೈಲು ಹಿಡಿದು ಕೆಟ್ಟುಹೋದವು ಎಂದು ಮುಗಿಸುವುದು. ಬರೆಯುವವರು ಬಹುಮಟ್ಟಿಗೆ ನಿವೃತ್ತ ಅಧಿಕಾರಿಗಳು, ಪ್ರಾಧ್ಯಾಪಕರು, ರಾಜಧಾನಿಯಲ್ಲಿ ಮನೆ ಕಟ್ಟಿಸಿಕೊಂಡು ಊರಿನ ಜಮೀನನ್ನು ಗುತ್ತಿಗೆಗೆ ಬಿಟ್ಟವರು. ಓದಿ ತಲೆದೂಗುವವರೂ ಅವರೇ. ಬರೆದವರಿಗೂ ಓದಿದವರಿಗೂ ಇದರಿಂದ ಕಾಸಿನ ಖರ್ಚಿಲ್ಲ. ಕೆಟ್ಟ ಹೆಸರು ಮಾತ್ರ ಮಕ್ಕಳಿಗೆ.

ರೈತನ ಬೆಲೆ, ಕಾರ್ಮಿಕನ ಕೂಲಿ, ಬಗರ್‌ಹುಕುಂ ಸಾಗುವಳಿದಾರನ ಹಕ್ಕುಪತ್ರ ಇವೆಲ್ಲ ಹಾಗೇ ಬಿದ್ದಿರುವಾಗ ಪಕ್ಷದ ವಾರಪತ್ರಿಕೆಗೆ ಬುಗುರಿಯ ಗೊಡವೆ ಯಾಕೆ ಎಂದು ಕೆಲವು ಮಿತ್ರರು ಹುಬ್ಬು ಗಂಟಿಕ್ಕಬಹುದು. ಗಂಟಿಕ್ಕಲಿ. ಮಗುವಿನ ಆಟಕ್ಕೆ ಬೇಕಾದದ್ದು ಎರಡೇ. ಒಂದು ನೆಲ, ಇನ್ನೊಂದು ಹೊತ್ತು. ನೆಲ ಯಾರದು, ಹೊತ್ತು ಯಾರದು ಎಂಬುದಕ್ಕಿಂತ ದೊಡ್ಡ ರಾಜಕೀಯ ಪ್ರಶ್ನೆ ಯಾವುದಿದೆ?

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಆಟಗಳ ಸೊಗಸಿನ ಬಗ್ಗೆ ನಮಗೆ ತಕರಾರಿಲ್ಲ. ನಾವೂ ಆಡಿದವರೇ. ಚಾಟಿ ಸುತ್ತಿ ಬೀಸಿ ಬಿಟ್ಟ ಬುಗುರಿ ನೆಲದಲ್ಲಿ ಕದಲದೆ ನಿಂತು ಗುಂಯ್‌ಗುಟ್ಟುವುದನ್ನು ಕಂಡವರಿಗೆ ಆ ಸುಖ ಗೊತ್ತು. ಸೋತವನ ಬುಗುರಿಗೆ ಗೆದ್ದವನು ಮೊಳೆಯಿಂದ ಗುನ್ನ ಹೊಡೆಯುವಾಗಿನ ಸಂಕಟವೂ ಗೊತ್ತು. ಏಳು ಚಪ್ಪಟೆ ಕಲ್ಲು, ಒಂದು ಚಿಂದಿಬಟ್ಟೆಯ ಚೆಂಡು, ಇಷ್ಟರಲ್ಲಿ ಲಗೋರಿ ನಡೆದುಹೋಗುತ್ತದೆ. ಬೀಳಿಸಿದ ಕಲ್ಲುಗಳನ್ನು ಮತ್ತೆ ಒಂದರ ಮೇಲೊಂದು ಇಡುವುದು ಒಬ್ಬನಿಂದಾಗುವ ಕೆಲಸವಲ್ಲ. ಒಬ್ಬ ಕಲ್ಲಿಡಲು ಇನ್ನಿಬ್ಬರು ಬೆನ್ನಿಗೆ ಚೆಂಡೇಟು ತಿನ್ನಬೇಕು. ಹಂಪಿಯಂಥ ಜಾಗಗಳಲ್ಲಿ ಕಲ್ಲುಹಾಸಿನ ಮೇಲೆ ಕೊರೆದ ಆಟದ ಮನೆಗಳನ್ನು ಇಂದಿಗೂ ಕಾಣಬಹುದು. ಆಡುಹುಲಿ ಆಟದಲ್ಲಿ ಆಡುಗಳು ಚದುರಿ ನಿಂತರೆ ಹುಲಿ ಒಂದೊಂದನ್ನೇ ಹಾರಿ ನುಂಗುತ್ತದೆ. ಒತ್ತಿ ನಿಂತರೆ ಹುಲಿಗೆ ಹೆಜ್ಜೆ ಇಡಲು ಮನೆ ಸಿಗುವುದಿಲ್ಲ. ಸಂಘಟನೆಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಕರಪತ್ರವನ್ನು ನಾವು ಇನ್ನೂ ಅಚ್ಚು ಹಾಕಿಲ್ಲ.

ಅಳಗುಳಿಮಣೆಯ ಪಾಠ ಬೇರೆ. ಎರಡು ಸಾಲಿನಲ್ಲಿ ಏಳೇಳು ಗುಳಿ, ಹುಣಸೆಬೀಜವೋ ಕವಡೆಯೋ. ಮೊದಲ ಸುತ್ತಿನಲ್ಲಿ ಇಬ್ಬರದೂ ಸಮಪಾಲು. ಸೋತವಳು ಎರಡನೆಯ ಸುತ್ತಿಗೆ ತನ್ನಲ್ಲಿ ಉಳಿದ ಕಾಳಿನಿಂದ ಎಷ್ಟು ಗುಳಿ ತುಂಬೀತೋ ಅಷ್ಟೇ ತುಂಬಬೇಕು. ಮಿಕ್ಕ ಗುಳಿಗಳು ಆಟದಿಂದ ಹೊರಗೆ. ಗೆದ್ದವಳ ರಾಶಿ ಬೆಳೆಯುತ್ತ, ಸೋತವಳ ಮನೆಗಳು ಒಂದೊಂದಾಗಿ ಮುಚ್ಚುತ್ತ ಹೋಗುತ್ತವೆ. ಸಾಹುಕಾರನ ಹತ್ತಿರ ಹೊಲ ಅಡವಿಟ್ಟವನ ಕಥೆಯೇ ಇದು! ತುಳುನಾಡಿನಲ್ಲಿ ಇದೇ ಆಟ ಚೆನ್ನೆಮಣೆ. ಅದು ಹೊರಗೆ ಬರುವುದು ಆಟಿ ತಿಂಗಳಲ್ಲಿ. ಹೊರಗೆ ಹೊಡೆಯುವ ಮಳೆ, ಗದ್ದೆಯಲ್ಲಿ ಕೆಲಸವಿಲ್ಲ, ಬಡವರ ಮನೆಯ ಪತ್ತಾಯದಲ್ಲಿ ಭತ್ತವಿಲ್ಲ. ಹಸಿವಿನ ತಿಂಗಳಿಗೆ ಒಂದು ಆಟ ಇಟ್ಟುಕೊಂಡಿದ್ದ ಜನ ನಮ್ಮವರು. ಪುರವಣಿಯ ಲೇಖಕರು ಆ ಮಣೆಯ ಕುಸುರಿಯನ್ನು ಹೊಗಳುತ್ತಾರೆ, ಪತ್ತಾಯದ ಮಾತು ಎತ್ತುವುದಿಲ್ಲ.

ಇಲ್ಲಿಯೇ ನಮ್ಮ ತಕರಾರು ಇರುವುದು. "ನಮ್ಮ ಬಾಲ್ಯ" ಎಂದು ಇವರು ಬರೆಯುತ್ತಾರಲ್ಲ, ಈ "ನಮ್ಮ" ಯಾರು?

ಸಾಹುಕಾರನ ಮಗ ಕೆರೆಯಂಗಳದಲ್ಲಿ ಚಿಣ್ಣಿಯನ್ನು ಎತ್ತಿ ಹೊಡೆಯುತ್ತಿದ್ದ ಹೊತ್ತಿನಲ್ಲಿ ಅದೇ ವಯಸ್ಸಿನ ಜೀತದ ಹುಡುಗ ಸಾಹುಕಾರನ ದನ ಕಾಯುತ್ತಿದ್ದ. ಅವನೂ ಆಡಿದ, ಇಲ್ಲವೆಂದಲ್ಲ. ಮರಕೋತಿಯಂಥ ಆಟ ಬೆಳೆದದ್ದೇ ದನಗಾಹಿಗಳ ನಡುವೆ. ಆದರೆ ಒಂದು ಕಣ್ಣು ಕೊಂಬೆಯ ಮೇಲೆ, ಇನ್ನೊಂದು ಕಣ್ಣು ದನದ ಮೇಲೆ. ಎಮ್ಮೆ ಯಾರದೋ ಗದ್ದೆಗೆ ನುಗ್ಗಿದರೆ ಸಂಜೆ ಬೆನ್ನ ಮೇಲೆ ಬರೆ. ಜೀತಪದ್ಧತಿಯನ್ನು ರದ್ದು ಮಾಡುವ ಕಾಯಿದೆ ಬಂದದ್ದು 1976ರಲ್ಲಿ. ಅಲ್ಲಿಯವರೆಗೆ, ಅದಾದ ಮೇಲೂ ಎಷ್ಟೋ ಕಡೆ, ಆ ಹುಡುಗನಿಗಿದ್ದದ್ದು ಕದ್ದ ಆಟ. ಅವನು ಪುರವಣಿಗೆ ಲೇಖನ ಬರೆಯಲಿಲ್ಲ. ಬರೆಯಲು ಕಲಿಸಿದವರಿರಲಿಲ್ಲ.

ಲಗೋರಿಯ ಗುಂಪಿನಲ್ಲಿ ದಲಿತ ಕೇರಿಯ ಮಕ್ಕಳು ಎಷ್ಟು ಮಂದಿ ಇದ್ದರು? ಚೆಂಡು ಎಲ್ಲರ ಮೈಗೂ ತಾಗುವ ಆಟವಿದು, ಆದ್ದರಿಂದಲೇ ಕೇಳುತ್ತಿದ್ದೇವೆ. ಇನ್ನು ಹೆಣ್ಣುಮಕ್ಕಳು. ಕುಂಟೆಬಿಲ್ಲೆಯ ಮನೆಯ ಪಕ್ಕದಲ್ಲಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ನೋಡುತ್ತ ನಿಂತಿದ್ದ ಎಂಟು ವರ್ಷದ ಹುಡುಗಿಯನ್ನು ನೆನಪು ಮಾಡಿಕೊಳ್ಳದ ಬಾಲ್ಯದ ಬರಹ ಸುಳ್ಳು ಬರಹ. ಮೈನೆರೆದ ದಿನವೇ ಆಟ ಮುಗಿಯಿತು ಎಂದು ನಮ್ಮ ತಾಯಂದಿರು ಹೇಳುತ್ತಿದ್ದರು. ಅವರು ನಿಟ್ಟುಸಿರು ಬಿಡುತ್ತಿರಲಿಲ್ಲ, ಸುಮ್ಮನೆ ಹೇಳುತ್ತಿದ್ದರು.

ಈಗ ನೆಲದ ಮಾತಿಗೆ ಬರೋಣ. ಈಗಿನ ಮಕ್ಕಳು ಹೊರಗೆ ಆಡುವುದಿಲ್ಲವಂತೆ. ಹೊರಗೆ ಎಂದರೆ ಎಲ್ಲಿ, ಸ್ವಾಮಿ? ನಮ್ಮಂಥ ಜಿಲ್ಲಾ ಕೇಂದ್ರಗಳನ್ನೇ ತೆಗೆದುಕೊಳ್ಳಿ. ಗೋಮಾಳವೆಂದು ಇದ್ದದ್ದು ಬಡಾವಣೆಯಾಯಿತು. ಕೆರೆಯಂಗಳ ಬಸ್ ನಿಲ್ದಾಣವಾಯಿತು, ಇಲ್ಲವೆ ಕಲ್ಯಾಣಮಂಟಪವಾಯಿತು. ಬಡಾವಣೆಯ ನಕ್ಷೆಯಲ್ಲಿ ಹಸಿರು ಬಣ್ಣ ಬಳಿದು ಮಕ್ಕಳಿಗೆಂದು ತೋರಿಸಿದ ಜಾಗದಲ್ಲಿ ಮೊದಲು ಒಂದು ಗುಡಿ, ಆಮೇಲೆ ಒಂದು ಸಂಘದ ಕಟ್ಟಡ, ಆಮೇಲೆ ಕಾರುಗಳ ಸಾಲು. ಉಳಿದ ಬೀದಿಯಲ್ಲಿ ಚಿಣ್ಣಿ ಹೊಡೆದರೆ ಯಾರದೋ ಕಾರಿನ ಗಾಜು ಒಡೆಯುತ್ತದೆ. ಗಾಜಿನ ಮಾಲೀಕರು ಯಾರೆಂದು ನೋಡಿದರೆ, ಲಗೋರಿಯ ಮೇಲೆ ಲೇಖನ ಬರೆದವರೇ!

ಕಾಯಿದೆ ಇಲ್ಲವೆ? ಧಾರಾಳವಾಗಿ ಇದೆ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನು ಉಳಿಸಲೆಂದು ಕರ್ನಾಟಕದ ವಿಧಾನಮಂಡಲ 1985ರಲ್ಲೇ ಒಂದು ಕಾಯಿದೆ ಮಾಡಿದೆ. ಶಾಲೆ ಎಂದರೆ ಅದಕ್ಕೊಂದು ಆಟದ ಮೈದಾನ ಇರಲೇಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಬರೆದಿದೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ವಿರಾಮವನ್ನೂ ಆಟವನ್ನೂ ಮಗುವಿನ ಹಕ್ಕೆಂದು ಸಾರಿದೆ. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿದೆ. ಹೀಗಿದ್ದೂ ಅಂಗಡಿಯ ಮೇಲಿನ ಮಹಡಿಯಲ್ಲಿ ಶಾಲೆ ನಡೆಯುತ್ತದೆ. ಮಕ್ಕಳು ಮೆಟ್ಟಿಲ ಮೇಲೆ ಕೂತು ಬುತ್ತಿ ತಿನ್ನುತ್ತಾರೆ. ತಪಾಸಣೆಗೆ ಬಂದ ಅಧಿಕಾರಿಗೆ ಮೈದಾನವೆಂದು ತೋರಿಸುವುದು ಬೇರೆಯವರ ಬಯಲನ್ನು. ಇದು ಯಾವ ಊರಿನ ಸಂಗತಿ ಎಂದು ಕೇಳಬೇಡಿ, ನಿಮ್ಮ ಊರಿನದೇ.

ನೆಲ ಹೀಗೆ ಹೋಯಿತು. ಹೊತ್ತು ಹೋದದ್ದು ಇನ್ನೂ ನಾಜೂಕಾಗಿ. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾಯಿತು. ಹದಿನಾಲ್ಕರ ಒಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚಕೂಡದು ಎಂದು ಘೋಷಣೆ. ಕೇಳಲು ಬಲು ಚೆಂದ. ಅದರ ಮಗ್ಗುಲಲ್ಲೇ ಒಂದು ವಿನಾಯಿತಿ: ಅಪಾಯಕರವಲ್ಲದ ಮನೆತನದ ಉದ್ಯೋಗದಲ್ಲಿ, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಮಗು ಕೈಜೋಡಿಸಬಹುದು. ಶಾಲೆ ಬಿಟ್ಟ ಮೇಲಿನ ಹೊತ್ತು ಯಾವುದು? ರಜೆ ಯಾವುದು? ಅದು ಆಟದ ಹೊತ್ತಲ್ಲವೆ? ಡಾಕ್ಟರ ಮಗ ಶಾಲೆ ಬಿಟ್ಟು ಮನೆಗೆ ಬಂದರೆ ಅಪ್ಪನ ಜೊತೆ ಆಪರೇಷನ್ ಮಾಡಲು ಹೋಗುವುದಿಲ್ಲ. ಬೀಡಿ ಕಟ್ಟುವವಳ, ಮಗ್ಗದವನ, ಹೋಟೆಲಿನವನ ಮಗುವಿನ ಸಂಜೆ ಮಾತ್ರ ಹೋಗುತ್ತದೆ. ಬೀಡಿ ಅಪಾಯಕರ ಉದ್ಯೋಗ, ಅದು ವಿನಾಯಿತಿಗೆ ಸೇರದು ಎಂದು ಯಾರಾದರೂ ಕಾಯಿದೆ ತಿರುವಿಹಾಕಿ ಹೇಳಬಹುದು. ಹೇಳುವವರು ರಾತ್ರಿ ಎಂಟಕ್ಕೆ ಬೀಡಿ ಕಟ್ಟುವವರ ಕೇರಿಗೆ ಒಮ್ಮೆ ಹೋಗಿ ಬರಲಿ. ಮನೆಯೊಳಗೆ ನಡೆಯುವ ದುಡಿಮೆಯನ್ನು "ಕೈಜೋಡಿಸುವುದು" ಎಂದು ಹೆಸರಿಟ್ಟರೆ ನೋಡಲು ಹೋಗುವ ಇನ್‌ಸ್ಪೆಕ್ಟರ್ ಯಾರು? ಈ ವಿನಾಯಿತಿಯ ವಿರುದ್ಧ ಪುರವಣಿಗಳಲ್ಲಿ ಒಂದು ನಿಟ್ಟುಸಿರೂ ಕೇಳಿಬಂದದ್ದನ್ನು ನಾವು ಕಾಣೆವು.

ಆಟಿಕೆ ಮಾಡುವವರ ಪಾಡನ್ನೂ ಇಲ್ಲಿಯೇ ಹೇಳಿಬಿಡಬೇಕು. ಚನ್ನಪಟ್ಟಣದ ಗೊಂಬೆ ಎಂದರೆ ಎಲ್ಲರಿಗೂ ಅಭಿಮಾನ. ಆಲೆಮರದ ಬಿಳಿಯ, ಹಗುರ ಕಟ್ಟಿಗೆ. ಅದನ್ನು ಒಣಗಿಸಿ, ಕೊಯ್ದು, ಲೇತಿಗೆ ಕೊಟ್ಟು ಉಳಿಯಿಂದ ರೂಪ ತೆಗೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಹಿಡಿಯುತ್ತದೆ. ಕೊನೆಗೆ ಗರಿಯಿಂದ ಒತ್ತಿ ಮೆರುಗು. ಅಂಚು ಮೊನೆ ಇಲ್ಲದ, ಮಗು ಬಾಯಿಗಿಟ್ಟರೂ ಭಯವಿಲ್ಲದ ಕೆಲಸ. ಹಿಂದೂ ಮುಸಲ್ಮಾನರು ಕೂಡಿ ಉಳಿಸಿದ ಕಸುಬು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಜಪಾನಿನ ಅರಗಿನ ಕೆಲಸದ ಹದವನ್ನು ಇಲ್ಲಿಗೆ ತಂದವರು ಬಾವಾಸ್ ಮಿಯಾ ಎಂಬ ಮಹನೀಯರು.

2010ರಲ್ಲಿ ದೆಹಲಿಗೆ ಬಂದ ಅಮೆರಿಕದ ಅಧ್ಯಕ್ಷರ ಪತ್ನಿ ಈ ಗೊಂಬೆ ಕೊಂಡರೆಂದು ಸಂಭ್ರಮಿಸಿದೆವು. 2015ರ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಕರ್ನಾಟಕದ ಸ್ತಬ್ಧಚಿತ್ರವೇ ಈ ಗೊಂಬೆ. 2020ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ಬಾನುಲಿಯಲ್ಲಿ ಚನ್ನಪಟ್ಟಣದ ಹೆಸರೆತ್ತಿದರು. ಹೆಸರೇನೋ ದೇಶ ಸುತ್ತಿತು, ಲೇತಿನ ಮುಂದೆ ಕೂತವರಿಗೆ ಸಿಕ್ಕದ್ದು ತುಂಡಿನ ಲೆಕ್ಕದ ಕೂಲಿ. 2023ರಲ್ಲಿ ಬೆಂಗಳೂರು ಮೈಸೂರು ದಶಪಥ ತೆರೆಯಿತು. ಕಾರುಗಳು ಊರನ್ನು ಮುಟ್ಟದೆ ಪಕ್ಕದಲ್ಲೇ ಹಾರಿಹೋದವು. ಹಳೆಯ ರಸ್ತೆಯ ಗೊಂಬೆ ಅಂಗಡಿಗಳವರು ಗಿರಾಕಿಯ ದಾರಿ ನೋಡುತ್ತ ಕೂತರು. ಬೇಗ ಮೈಸೂರು ಸೇರಿದ ಮಹನೀಯರು ಅಲ್ಲಿ ಕೂತು ಮರದ ಆಟಿಕೆಯ ಸೊಬಗಿನ ಬಗ್ಗೆ ಬರೆದಿದ್ದರೂ ಬರೆದಿರಬಹುದು.

ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರಕ್ಕೆ ಹುಣಸೆಬೀಜದ ಅಂಟು ಹಾಕಿ, ಬಣ್ಣ ಕೊಟ್ಟು ಗೊಂಬೆ ಮಾಡುತ್ತಾರೆ. ಅದೇ ಜಿಲ್ಲೆಯ ಭಾನಾಪುರದ ಬಳಿ 400 ಎಕರೆಯಲ್ಲಿ ಆಟಿಕೆ ಕೈಗಾರಿಕೆಗಳ ಸಮುಚ್ಚಯವೆಂದು 2020ರಲ್ಲಿ ಸರ್ಕಾರ ಸಾರಿತು. ಕಾರ್ಖಾನೆ ಬೇಡವೆಂದು ನಾವು ಹೇಳುವವರಲ್ಲ. ಬಡವನ ಮಗುವಿಗೂ ಕೈಗೆಟುಕುವ ಗೊಂಬೆ ಬೇಕು, ಕೆಲಸವೂ ಬೇಕು. ಆದರೆ ಕಾರ್ಖಾನೆಗೆ ನೂರಾರು ಎಕರೆ ಹುಡುಕಿಕೊಟ್ಟ ಸರ್ಕಾರಕ್ಕೆ ಕಿನ್ನಾಳದ ಗೊಂಬೆಯನ್ನು ಅಂಗನವಾಡಿಗೆ ಕೊಳ್ಳಲು ಏನು ಅಡ್ಡಿ? ಆಮದು ಆಟಿಕೆಯ ಮೇಲಿನ ಸುಂಕವನ್ನು 2020ರಲ್ಲಿ ಶೇಕಡ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. ಸುಂಕ ಏರಿದಷ್ಟೂ ಕುಶಲಕರ್ಮಿಯ ಕೂಲಿ ಏರಿತೆ ಎಂದು ಯಾರೂ ಕೇಳಲಿಲ್ಲ.

ಉತ್ತರದ ಜಿಲ್ಲೆಗಳಲ್ಲಿ ಮಣ್ಣೆತ್ತಿನ ಅಮವಾಸ್ಯೆಗೆ ಮಕ್ಕಳು ಕೆರೆಯ ಜೇಡಿಮಣ್ಣು ತಂದು ಎತ್ತು ಮಾಡುತ್ತಾರೆ. ಅದಕ್ಕೆ ಕಾಸು ಬೇಡ, ಕೆರೆ ಬೇಕು. ಕೆರೆ ಇಲ್ಲದ ಊರಿನವರು ಈಗ ಸಂತೆಯಲ್ಲಿ ಅಚ್ಚಿನ ಎತ್ತು ಕೊಳ್ಳುತ್ತಾರೆ.

ಮೊಬೈಲಿನ ವಿಚಾರ ಹೆಚ್ಚು ಹೇಳಬೇಕಾಗಿಲ್ಲ. ಅದರಿಂದ ಕೇಡಿದೆ, ನಿಜ. 2020ರಲ್ಲಿ ಕೋವಿಡ್ ಬಂದು ಶಾಲೆ ಮುಚ್ಚಿದಾಗ ಪಾಠವೆಲ್ಲ ಅದರಲ್ಲೇ ಎಂದು ಮಗುವಿನ ಕೈಗೆ ಅದನ್ನು ಇಟ್ಟವರು ದೊಡ್ಡವರು. ಕೂಲಿಯವನು ಸಾಲ ಮಾಡಿ ತಂದುಕೊಟ್ಟ. ನೆಲವನ್ನು ಕಸಿದುಕೊಂಡು, ಅಂಗೈಯಗಲದ ಗಾಜನ್ನು ಕೊಟ್ಟು, ಆಮೇಲೆ ಅದನ್ನೇ ನೋಡುತ್ತಾನೆಂದು ಮಗುವನ್ನು ಬೈಯುವುದು ಯಾವ ನ್ಯಾಯ?

ಆದ್ದರಿಂದ ಬಾಲ್ಯದ ಆಟಗಳ ಮೇಲೆ ಪ್ರೀತಿ ಇದ್ದವರಿಗೆಲ್ಲ ನಮ್ಮದೊಂದು ಕೋರಿಕೆ. ಮುಂದಿನ ಲೇಖನ ಬರೆಯುವ ಮೊದಲು ಒಂದು ಅರ್ಜಿ ಬರೆಯಿರಿ. ನಗರಸಭೆಗೆ, ಮಾಹಿತಿ ಹಕ್ಕಿನ ಕಾಯಿದೆಯಡಿ, ಹತ್ತು ರೂಪಾಯಿ ಶುಲ್ಕ ಕಟ್ಟಿ. ಪ್ರತಿ ಬಡಾವಣೆಯ ಮಂಜೂರಾದ ನಕ್ಷೆಯಲ್ಲಿ ಆಟಕ್ಕೆಂದು ಬಿಟ್ಟ ಜಾಗ ಎಷ್ಟು, ಅದರ ಸರ್ವೆ ನಂಬರು ಯಾವುದು, ಇಂದು ಅಲ್ಲಿ ಏನಿದೆ, ಕಟ್ಟಲು ಒಪ್ಪಿಗೆ ಕೊಟ್ಟ ನಿರ್ಣಯದ ತಾರೀಖು ಯಾವುದು, ಇಷ್ಟನ್ನೂ ಕೇಳಿರಿ. ಸರ್ಕಾರಿ ಶಾಲೆಗಳ ಮೈದಾನದ ಗೇಟು ಸಂಜೆ ಏಳರವರೆಗೆ ಕೇರಿಯ ಎಲ್ಲ ಮಕ್ಕಳಿಗೂ, ಹೆಣ್ಣುಮಕ್ಕಳಿಗೂ ತೆರೆದಿರಲಿ ಎಂದು ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ಇನ್ನೊಂದು ಅರ್ಜಿ. 2016ರ ವಿನಾಯಿತಿ ತೆಗೆದುಹಾಕಲು ಲೋಕಸಭಾ ಸದಸ್ಯರಿಗೆ ಮೂರನೆಯದು. ಮೂರಕ್ಕೂ ಸ್ವೀಕೃತಿ ಪಡೆದು, ಅದರ ಒಂದು ಪ್ರತಿಯನ್ನು ಈ ಪತ್ರಿಕೆಯ ಕಚೇರಿಗೆ ತಲುಪಿಸಿರಿ. ನಗರಸಭೆಯಿಂದ ಬಂದ ಉತ್ತರವನ್ನು ಸರ್ವೆ ನಂಬರ್ ಸಮೇತ, ಬಡಾವಣೆವಾರು, ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ಉತ್ತರ ಬಾರದಿದ್ದರೆ ಬಾರದ ದಿನಗಳ ಲೆಕ್ಕವನ್ನು ಅಚ್ಚು ಹಾಕುತ್ತೇವೆ.